ಕೆತುತ್ ಮೊದಲು, ವಾಯಾನ್ ಕಡೆಗೆ

ತೆಗಲ್‌ವಾನಿ ಕೇರಿಯಲ್ಲಿ ಮಗುವಿಗೆ ಹೆಸರು ಹುಡುಕುವ ತಲೆನೋವು ಯಾರಿಗೂ ಇಲ್ಲ. ಮೊದಲು ಹುಟ್ಟಿದ್ದು ವಾಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮಾನ್, ನಾಲ್ಕನೆಯದು ಕೆತುತ್. ಗಂಡಾಗಲಿ ಹೆಣ್ಣಾಗಲಿ ಲೆಕ್ಕ ಇದೇ. ಐದನೆಯದು ಹುಟ್ಟಿಬಿಟ್ಟರೆ ಮತ್ತೆ ವಾಯಾನ್‌ನಿಂದ ಶುರು. ಗುರುತಿಗಿರಲಿ ಎಂದು ಹಿಂದೊಂದು ಹೆಸರು ಅಂಟಿಸುತ್ತಾರೆ, ಅಷ್ಟೆ. ಹೀಗಾಗಿ ಒಬ್ಬನ ಹೆಸರು ಕೇಳಿದರೆ ಸಾಕು, ಅವನು ಯಾರ ಹಳೇ ಅಂಗಿ ತೊಟ್ಟು ಬೆಳೆದವನು ಎಂದು ಹೇಳಿಬಿಡಬಹುದು. ಕೆತುತ್ ಲಾನುಸ್ ಬೆಳೆದದ್ದು ಅಣ್ಣನ ಅಂಗಿಯಲ್ಲಿ. ಅಣ್ಣ ವಾಯಾನ್ ರುಂಡುಂಗ್ ತೊಟ್ಟು, ಅಕ್ಕ ಮಾದೆ ಗದ್ದೆ ಕೆಲಸಕ್ಕೆ ತೊಟ್ಟು, ಆಮೇಲೆ ಉಳಿದ ಬಟ್ಟೆ ಎಷ್ಟೋ ಅಷ್ಟು ಇವನಿಗೆ.

ಅಣ್ಣನಿಗೂ ತಮ್ಮನಿಗೂ ಹನ್ನೆರಡು ವರ್ಷದ ಅಂತರ. ನ್ಯೋಮಾನ್ ಎಂಬುದೊಂದು ನಡುವೆ ಇತ್ತು. ಲಾನುಸ್ ಹುಟ್ಟುವ ಮುಂಚಿನ ವರ್ಷ, ಬೆಟ್ಟ ಬೆಂಕಿ ಕಾರಿ ಊರೆಲ್ಲ ಬೂದಿಯಾದಾಗ, ಹಸುಗೂಸಾಗಿರುವಾಗಲೇ ತೀರಿಕೊಂಡಿತು. ಲಾನುಸನಿಗೆ ಎರಡು ತುಂಬುವುದರೊಳಗೆ ಅಪ್ಪನೂ ಹೋದ. ರುಂಡುಂಗ್ ಹದಿನಾಲ್ಕಕ್ಕೇ ಶಾಲೆ ಬಿಟ್ಟು ನೇಗಿಲು ಹಿಡಿದ. ಆ ಮನೆಯಲ್ಲಿ ಒಬ್ಬ ಓದುವುದೇ ಹೆಚ್ಚು. ಯಾರು ಓದಬೇಕು ಎಂದು ತೀರ್ಮಾನಿಸಿದವನು ಅಣ್ಣನೇ. ತಮ್ಮನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಪೇಟೆಯ ಹೈಸ್ಕೂಲಿಗೆ ಬಿಟ್ಟು ಬಂದು ಗದ್ದೆಗೆ ಇಳಿಯುತ್ತಿದ್ದ.

ಹಾಗೆ ಓದಿದ ಲಾನುಸ್ ತಾಲೂಕು ಕಛೇರಿಯಲ್ಲಿ ಇಪ್ಪತ್ತೆಂಟು ವರ್ಷ ಜನರ ಹೆಸರು, ಊರು, ಹುಟ್ಟಿದ ದಿನ ಟೈಪು ಮಾಡಿದ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಗಲಾಟೆಯ ಮನುಷ್ಯನಲ್ಲ. ಜೇಬಿನಲ್ಲಿ ಎರಡು ತುದಿಯೂ ಹೆರೆದ ಪೆನ್ಸಿಲ್, ಬಾಯಲ್ಲಿ ಲವಂಗ. ನಿವೃತ್ತಿಯಾಗಿ ಬಂದ ಮೇಲೆ ಕೇರಿಯವರು ಅವನಿಗೆ ಪಟ್ಟಿ ಬರೆಯುವ ಕೆಲಸ ಕೊಟ್ಟರು. ದೇವಸ್ಥಾನದ ಸರದಿ, ಕಾಲುವೆ ತೋಡುವ ಸರದಿ, ಮದುವೆ ಮನೆಯಲ್ಲಿ ಹಂದಿ ಮಾಂಸ ಕೊಚ್ಚುವವರ ಸರದಿ, ಎಲ್ಲ ಅವನ ಕೈಲಿ. ಆದರೂ ಗೊನೆಯ ತುದಿಯ ಬಾಳೆಕಾಯಿ ಎಂದು ಕೆತುತ್‌ಗಳನ್ನು ಚುಡಾಯಿಸುವುದು ನಮ್ಮಲ್ಲಿ ತಲೆತಲಾಂತರದ ಚಾಳಿ. ಐವತ್ತೊಂಬತ್ತರ ಲಾನುಸನನ್ನೂ ಯಾರೂ ಬಿಡುತ್ತಿರಲಿಲ್ಲ. ಕೆತುತ್ ಎಂಬುದನ್ನೂ ತುತ್ ಎಂದು ಮೊಟಕು ಮಾಡಿ ಕೇಳುತ್ತಿದ್ದರು:

"ತುತ್, ಪಟ್ಟೀಲಿ ನಿನ್ನ ಹೆಸರು ಎಲ್ಲಪ್ಪಾ? ಹಾಳೆ ತಿರುಗಿಸ್ಬೇಕಾ?"

ಅವನೂ ನಗುತ್ತಿದ್ದ. ನಕ್ಕವನಿಗೆ ನೋವಿಲ್ಲ ಎಂದು ಜನ ತಿಳಿಯುತ್ತಾರೆ.

ಐದು ವರ್ಷಕ್ಕೊಮ್ಮೆ ನಮ್ಮ ಕೇರಿಯಲ್ಲಿ ಸತ್ತವರಿಗೆಲ್ಲ ಒಟ್ಟಿಗೆ ದಹನ ಆಗುತ್ತದೆ. ಅಲ್ಲಿಯವರೆಗೆ ಅವರು ಮಣ್ಣಿನಲ್ಲಿ ಕಾಯುತ್ತಿರುತ್ತಾರೆ. ಆ ವರ್ಷ ಕಾಯುತ್ತಿದ್ದ ಮೂವತ್ತೊಂದು ಜನರಲ್ಲಿ ಲಾನುಸನ ತಾಯಿ ರೊಂಜಿಯೂ ಒಬ್ಬಳು. ಅವಳು ತೊಂಬತ್ತು ದಾಟಿ ಹೋದವಳು, ಮಣ್ಣಿಗಿಟ್ಟು ನಾಲ್ಕು ವರ್ಷ. ದಹನಕ್ಕೆ ಮುಂಚೆ ಒಂದು ಸಂಜೆ ಕೇರಿಯ ಮಂಟಪದಲ್ಲಿ ಹೆಸರು ಓದುತ್ತಾರೆ. ಸತ್ತವರ ಹೆಸರು, ಅದರ ಹಿಂದೆಯೇ ಅವರ ಮಕ್ಕಳ ಹೆಸರು. ಮಕ್ಕಳಲ್ಲಿ ಮೊದಲು ಕೇಳಿದ ಹೆಸರಿನವನು ಎದ್ದು ಕೇರಿಯ ಮುಖ್ಯಸ್ಥನ ಕೈಯಿಂದ ಒಂದು ತುಂಡು ಬಿಳಿ ಬಟ್ಟೆ ಈಸಿಕೊಳ್ಳಬೇಕು. ಅಲ್ಲಿಂದ ಹದಿನೈದನೆಯ ದಿನ ಸ್ಮಶಾನದಲ್ಲಿ ಮಣ್ಣು ತೆಗೆಯುವಾಗ ಮೊದಲ ಗುದ್ದಲಿ ಏಟು ಅವನದೇ. ಜೊತೆಗೆ ಇನ್ನೊಂದು ಕಟ್ಟೂ ಇದೆ: ಹಿರಿಯ ಮಗ ಊರಲ್ಲಿ ಬದುಕಿರುವಾಗ ಕಿರಿಯವನು ಮೊದಲ ಗುದ್ದಲಿ ಎತ್ತಬಾರದು. ಆ ಏಟು ಬೀಳದ ಗುಂಡಿ ತೆರೆಯುವುದಿಲ್ಲ. ಒಳಗಿನವರು ಇನ್ನೂ ಐದು ವರ್ಷ ಕಾಯಬೇಕು. ಕೇರಿಯ ಹಳೆಯ ಪಟ್ಟಿ ಪುಸ್ತಕದಲ್ಲಿ ಈ ಎರಡು ಕಟ್ಟುಗಳು ಒಂದಕ್ಕೊಂದು ಎಂದೂ ಡಿಕ್ಕಿ ಹೊಡೆದಿರಲಿಲ್ಲ, ಏಕೆಂದರೆ ಬರೆಯುವವರು ಹಿರಿಯನನ್ನೇ ಮೊದಲು ಬರೆಯುತ್ತಿದ್ದರು.

ಲಾನುಸನೂ ಹಾಗೇ ಬರೆದಿದ್ದ. ಮನೆಮನೆಯ ಹೆಸರುಗಳನ್ನು ಹಿರಿಯರಿಂದ ಕಿರಿಯರವರೆಗೆ ತನ್ನ ಹಳೆಯ ಕಂಪ್ಯೂಟರಿಗೆ ತುಂಬಿ ಒಂದು ಡೇಟಾಬೇಸ್ ಮಾಡಿದ್ದ. ಪಟ್ಟಿ ಕೊಡು ಎಂದರೆ ತುಂಬಿದ ಸಾಲಿನಲ್ಲೇ ಕೊಡುತ್ತಿತ್ತು. ಇಂಥ ಸಾಲಿನಲ್ಲಿ ಕೊಡು ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ. ಆ ವರ್ಷ ಗ್ರಾಮ ಕಛೇರಿಗೆ ಹೊಸ ಕಂಪ್ಯೂಟರ್ ಬಂತು. ಎಲ್ಲವನ್ನೂ ಅದಕ್ಕೆ ಸಾಗಿಸಿ, ಹೆಸರು ಹುಡುಕಲು ಸುಲಭವಾಗಲಿ ಎಂದು ಹೆಸರುಗಳಿಗೊಂದು ಸೂಚಿಯನ್ನೂ ಮಾಡಿದ. ಹೆಸರು ಓದುವ ದಿನ ಮಧ್ಯಾಹ್ನ ಮೂರು ಗಂಟೆಗೆ ಪಟ್ಟಿ ಕೊಡು ಎಂದ. ಕೊಟ್ಟಿತು.

ಪ್ರತಿ ಮನೆಯಲ್ಲೂ ಕೆತುತ್‌ಗಳು ತಲೆಯ ಮೇಲೆ ಕೂತಿದ್ದರು, ವಾಯಾನ್‌ಗಳು ಕಾಲಡಿಯಲ್ಲಿ ಬಿದ್ದಿದ್ದರು.

ಲಾನುಸನಿಗೆ ಕಾರಣ ತಕ್ಷಣ ಹೊಳೆಯಿತು. ಸಾಲು ಹೇಳದೆ ಕೇಳಿದರೆ ಯಂತ್ರ ತನಗೆ ಯಾವುದು ಸಲೀಸೋ ಆ ಸಾಲಿನಲ್ಲಿ ಕೊಡುತ್ತದೆ. ಹೊಸದಕ್ಕೆ ಅಕ್ಷರಗಳ ಸಾಲು ಸಲೀಸಾಗಿ ಕಂಡಿದೆ. ಕಛೇರಿಯ ರೋಮನ್ ಅಕ್ಷರಗಳಲ್ಲಿ ಕೆ ಮುಂದೆ, ಎಂ ಮತ್ತು ಎನ್ ನಡುವೆ, ಡಬ್ಲ್ಯೂ ಕಟ್ಟಕಡೆಗೆ. ಕೆತುತ್, ಮಾದೆ, ನ್ಯೋಮಾನ್, ವಾಯಾನ್. ಯಂತ್ರಕ್ಕೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಯಾರು ಹಿರಿಯರು ಎಂದು ಒಂದು ಕಾಲಂ ಸೇರಿಸಿ, ಅದರ ಪ್ರಕಾರ ಕೊಡು ಎಂದರೆ ಕೇರಿಯನ್ನೆಲ್ಲ ನೆಟ್ಟಗೆ ನಿಲ್ಲಿಸುತ್ತದೆ. ಅಷ್ಟು ಹೊತ್ತಿಲ್ಲ ಎಂದರೆ ಹಳೆಯ ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆಯಬಹುದು. ಹತ್ತು ನಿಮಿಷದ ಕೆಲಸ. ಸಭೆ ಐದು ಗಂಟೆಗೆ.

ಎದ್ದು ಹೊರಡಬೇಕು, ಅಷ್ಟರಲ್ಲಿ ಕಣ್ಣು ಒಂದು ಸಾಲಿನ ಮೇಲೆ ಬಿತ್ತು. ರೊಂಜಿ. ಮಕ್ಕಳು: ಕೆತುತ್ ಲಾನುಸ್, ವಾಯಾನ್ ರುಂಡುಂಗ್. ಅಕ್ಕ ಮಾದೆ ಮದುವೆಯಾಗಿ ಬೇರೆ ಕೇರಿಗೆ ಸೇರಿದವಳು, ಅವಳ ಹೆಸರು ಇಲ್ಲಿಲ್ಲ. ಇವರಿಬ್ಬರೇ. ತನ್ನ ಹೆಸರು ಮೇಲೆ, ಅಣ್ಣನದು ಕೆಳಗೆ. ಐವತ್ತೊಂಬತ್ತು ವರ್ಷದಲ್ಲಿ ಯಾವ ಕಾಗದದ ಮೇಲೂ ಲಾನುಸ್ ಹೀಗೆ ಕೂತಿರಲಿಲ್ಲ. ಚೆನ್ನಾಗಿ ಕಂಡಿತು. ನಾಚಿಕೆಯಾಗುವಷ್ಟು ಚೆನ್ನಾಗಿ ಕಂಡಿತು. ಇರಲಿ, ಒಂದು ಸಲ ತಾನೇ, ಯಾರು ಗಮನಿಸುತ್ತಾರೆ ಎಂದುಕೊಂಡು ಹಾಳೆಗಳನ್ನು ಮಡಿಸಿ ಜೇಬಿಗಿಟ್ಟ. ಮನುಷ್ಯರು ದೊಡ್ಡ ತಪ್ಪು ಮಾಡುವುದು ಹೆಚ್ಚಾಗಿ ಹೀಗೇ, ಏನನ್ನೋ ಮಾಡಿ ಅಲ್ಲ, ಮಾಡಬೇಕಾದ್ದನ್ನು ಮಾಡದೆ.

ಸಂಜೆ ಮರದ ಗಂಟೆ ಬಡಿಯಿತು. ಮಂಟಪದಲ್ಲಿ ಗಂಡಸರು ಚಾಪೆಯ ಮೇಲೆ ಕೂತರು, ಹೆಂಗಸರು ಎಡಕ್ಕೆ. ರುಂಡುಂಗ್ ಮುಂದಿನ ಸಾಲಿನಲ್ಲಿದ್ದ. ಎಪ್ಪತ್ತೊಂದರ ಬಗ್ಗಿದ ಬೆನ್ನು, ತಲೆಗೆ ಬಿಗಿಯಾಗಿ ಕಟ್ಟಿದ ಬಿಳಿ ರುಮಾಲು. ತಾಯಿಯ ಹೆಸರು ಓದುವ ದಿನ ಎಂದು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಪಂಚೆ ಉಟ್ಟು ಬಂದಿದ್ದ.

ಲಾನುಸ್ ಓದತೊಡಗಿದ. ಮೊದಲ ಮನೆಯಲ್ಲೇ ಒಬ್ಬ ಕೆತುತ್ ಮೊದಲು ಬಂದ. ಆ ಹುಡುಗಾಟದ ಮನುಷ್ಯ ಎದ್ದು ನಿಂತು, "ಅಯ್ಯೋ ದೇವರೇ, ನಾನಾ?" ಎಂದು ತನ್ನ ಎದೆ ಮುಟ್ಟಿಕೊಂಡ. ಮಂಟಪ ನಕ್ಕಿತು. ಅವನ ಅಣ್ಣನೇ ಎದ್ದು ಹೋಗಿ ಬಟ್ಟೆ ಈಸಿಕೊಂಡ, ಕಟ್ಟು ಅಲ್ಲಿಗೆ ಸರಿಹೋಯಿತು. ಎರಡನೆಯ ಮನೆಯಲ್ಲೂ ಹಾಗೇ. ಮೂರನೆಯದಕ್ಕೆ ಮುದುಕ ವಾಯಾನ್‌ಗಳು ಗೊಣಗಿದರು, ಕೆತುತ್‌ಗಳು ಸಿಳ್ಳೆ ಹೊಡೆದರು. ಜನ ತಮಾಷೆಯಾಗಿಯೇ ತೆಗೆದುಕೊಂಡರು. ರೊಂಜಿಯ ಸಾಲು ಬರುವ ಹೊತ್ತಿಗೆ ಲಾನುಸ್ ಬೇಕೆಂದರೆ ಬಾಯಲ್ಲೇ ಎರಡು ಹೆಸರು ಹಿಂದುಮುಂದು ಮಾಡಿ ಓದಬಹುದಿತ್ತು. ಅವನು ಹಾಳೆಯಲ್ಲಿದ್ದಂತೆಯೇ ಓದಿದ.

"ರೊಂಜಿ. ಮಕ್ಕಳು, ಕೆತುತ್ ಲಾನುಸ್. ವಾಯಾನ್ ರುಂಡುಂಗ್."

"ಏನಯ್ಯಾ ಲಾನುಸ್ ಇದು?" ಎಂದ ಮುಖ್ಯಸ್ಥ ಪಾಕ್ ಗೆದೆ, ಬಿಳಿ ಬಟ್ಟೆ ಕೈಲಿ ಹಿಡಿದುಕೊಂಡೇ. "ಬಾಲಗಳೆಲ್ಲ ಮುಂದೆ ಬಂದಿವೆ. ತಲೆಗಳೆಲ್ಲಿ?"

"ಯಂತ್ರ ಮಾಡಿದ್ದು ಪಾಕ್," ಎಂದ ಲಾನುಸ್, ಯಜಮಾನರನ್ನು ಕರೆಯುವ ಮರ್ಯಾದೆಯಲ್ಲಿ. "ಅದು ಅಕ್ಷರ ನೋಡಿ ಜೋಡಿಸಿಬಿಟ್ಟಿದೆ. ನನಗೆ ಗೊತ್ತೇ ಆಗ್ಲಿಲ್ಲ."

ಜನ ಇನ್ನಷ್ಟು ನಕ್ಕರು. ನಗದಿದ್ದವನು ಒಬ್ಬನೇ.

"ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದ ರುಂಡುಂಗ್. ಜೋರಾಗಿ ಕೇಳಲಿಲ್ಲ.

"ಇಲ್ಲ, ಬ್ಲಿ." ಅಣ್ಣನನ್ನು ನಾವು ಕರೆಯುವುದು ಹಾಗೆ. ಕರೆದವನ ಕೈ ಯಾಕೋ ಜೇಬಿನ ಪೆನ್ಸಿಲ್ಲನ್ನು ತಡವಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದನ್ನೇ.

ರುಂಡುಂಗ್ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದ. ಮಂಡಿಗೆ ಕೈಕೊಟ್ಟು ಎದ್ದ. "ಹಂಗಾದ್ರೆ ಯಂತ್ರಾನೇ ಗುದ್ದಲಿ ಹಿಡೀಲಿ," ಎಂದು ಹೇಳಿ, ಬಟ್ಟೆ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಹೋದ. ಪಾಕ್ ಗೆದೆಯ ಕೈಯಲ್ಲಿ ಬಟ್ಟೆ ಹಾಗೇ ಉಳಿಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂಟಪದಲ್ಲಿ ಓದಿದ್ದನ್ನು ಪಿತೃಗಳು ಕೇಳಿಸಿಕೊಂಡಿರುತ್ತಾರೆ, ಹೊಸ ಹಾಳೆ ತಂದು ಇದಲ್ಲ ಅದು ಎನ್ನಲು ಬರುವುದಿಲ್ಲ. ಮಾರನೇ ದಿನ ಲಾನುಸ್ ಸರಿಯಾದ ಪಟ್ಟಿ ತೆಗೆದು ಪಾಕ್ ಗೆದೆಯ ಕೈಲಿ ಅಣ್ಣನಿಗೆ ಕಳಿಸಿದ. ಅಣ್ಣ ಅದರಲ್ಲಿ ಒಣಮೆಣಸಿನಕಾಯಿ ಕಟ್ಟಿಟ್ಟ.

ಅಣ್ಣ ತಮ್ಮ ಇಬ್ಬರೂ ಇದ್ದದ್ದು ಒಂದೇ ಅಂಗಳದಲ್ಲಿ. ಉತ್ತರದ ಕಟ್ಟೆಮನೆ ಅಣ್ಣನದು, ದಕ್ಷಿಣದ್ದು ತಮ್ಮನದು, ನಡುವೆ ಒಂದು ಸಂಪಿಗೆ ಮರ. ರುಂಡುಂಗ್ ದಿನವೂ ಇಡೀ ಅಂಗಳ ಗುಡಿಸುವವನು, ಈಗ ಸಂಪಿಗೆ ಮರದವರೆಗೆ ಗುಡಿಸಿ ನಿಲ್ಲಿಸತೊಡಗಿದ. ಹೆಂಡತಿ ತೀರಿಕೊಂಡಾಗಿನಿಂದ ಅವನಿಗೆ ಅನ್ನ ಹೋಗುತ್ತಿದ್ದದ್ದು ಲಾನುಸನ ಹೆಂಡತಿ ಸುಕ್ರಿಯ ಒಲೆಯಿಂದ. ಅದು ನಿಲ್ಲಲಿಲ್ಲ. "ಜಗಳ ಗಂಡಸರದು, ಅನ್ನಕ್ಕೇನು ಜಗಳ?" ಎಂದು ಅವಳು ತಟ್ಟೆ ಮುಚ್ಚಿ ಇಟ್ಟುಬರುತ್ತಿದ್ದಳು. ತಟ್ಟೆ ತೊಳೆದು ವಾಪಸು ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ಬರುತ್ತಿರಲಿಲ್ಲ ಎಂದೂ ಹೇಳುವಂತಿಲ್ಲ. ರುಂಡುಂಗ್ ಒಂದು ಕೆಂಪು ಹುಂಜ ಸಾಕಿದ್ದ. ಬೆಳಗ್ಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ನೀವುತ್ತ, ದಕ್ಷಿಣದ ಮನೆಗೆ ಕೇಳುವಂತೆ ಮಾತಾಡುತ್ತಿದ್ದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಇಲ್ಲಿ ಕೊತ್ತಿಯ ಜಾಗದಲ್ಲಿ ಕೋಳಿ.

"ನೀನೇ ವಾಸಿ ಕಣೋ ಮಗನೇ. ಓದೋಕೆ ಬರಲ್ಲ, ಬರೆಯೋಕೆ ಬರಲ್ಲ. ತಪ್ಪು ಮಾಡಿದ್ರೆ ನಾನೇ ಮಾಡಿದ್ದು ಅಂತ ಕೊಕ್ಕೋ ಅಂತೀಯ. ಯಂತ್ರದ ಮೇಲೆ ಹಾಕಲ್ಲ."

ಲಾನುಸ್ ಕಾಫಿ ಲೋಟ ಹಿಡಿದು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ.

ಕೈಕಟ್ಟಿ ಕೂರಲಾಗದೆ ಅವನು ಒಂದು ಕೆಲಸ ಹಚ್ಚಿಕೊಂಡ. ಡೇಟಾಬೇಸಿಗೆ ಹಿರಿತನದ ಕಾಲಂ ಸೇರಿಸುವುದು. ಹೆಸರನ್ನು ನಂಬಿ ಹಿರಿತನ ಬರೆಯುವಂತಿಲ್ಲ, ಐದು ಮಕ್ಕಳ ಮನೆಯಲ್ಲಿ ಮೊದಲನೆಯದೂ ವಾಯಾನ್, ಕಡೆಯದೂ ವಾಯಾನ್. ಹುಟ್ಟಿದ ವರ್ಷವೇ ಬೇಕು. ಪುಸ್ತಕ, ಪೆನ್ಸಿಲ್ ಹಿಡಿದು ಮನೆಮನೆ ಹತ್ತಿದ. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಎಲೆ ಅಡಿಕೆ ಜಗಿಯುತ್ತ ಅವನನ್ನು ಪೂರ್ತಿ ಅರ್ಧ ದಿನ ಕೂರಿಸಿಕೊಂಡಳು.

"ನಾನಾ? ನಾನು ಹುಟ್ಟಿದ್ದು ನಮ್ಮ ಬಿಳೀ ಎಮ್ಮೆ ಕರು ಹಾಕ್ತಲ್ಲ, ಆ ವರ್ಷ."

"ಅದು ಯಾವ ವರ್ಷ ಅಜ್ಜಿ?"

"ಅಯ್ಯೋ, ಎಮ್ಮೇನ ಕೇಳು. ನನ್ನ ತಂಗಿ ನನಗಿಂತ ದೊಡ್ಡೋಳು ಅಂತ ಬರೆಸೋಕೆ ನೋಡ್ತಾಳೆ, ಬರ್ಕೋಬೇಡ ಮತ್ತೆ. ಅವಳಿಗೆ ಮೊದಲಿಂದ್ಲೂ ದೊಡ್ಡೋಳಾಗೋ ಆಸೆ." ಅವಳು ಲಾನುಸನ ಮುಖವನ್ನು ಓರೆಗಣ್ಣಲ್ಲಿ ನೋಡಿದಳು. "ಎಲ್ರಿಗೂ ಇರುತ್ತೆ ಬಿಡು. ನಿನಗಿಲ್ವಾ?"

ಲಾನುಸ್ ತಲೆ ಬಗ್ಗಿಸಿ ಬರೆದುಕೊಂಡ.

ಹನ್ನೆರಡನೇ ದಿನಕ್ಕೆ ಅಕ್ಕ ಮಾದೆ ಬಂದಳು. ಸುದ್ದಿ ಅವಳ ಕೇರಿಗೂ ಮುಟ್ಟಿತ್ತು. ಸಂಪಿಗೆ ಮರದ ಕೆಳಗೆ ನಿಂತು, ಇಬ್ಬರಿಗೂ ಕೇಳುವ ಹಾಗೆ ಬೈದಳು.

"ಒಬ್ಬನಿಗೆ ಎಪ್ಪತ್ತು, ಒಬ್ಬನಿಗೆ ಅರವತ್ತು. ಮೇಮೆ ಮಣ್ಣಲ್ಲಿ ಮಲಗಿದಾಳೆ, ಇವರಿಬ್ರೂ ಅಂಗಳ ಪಾಲು ಮಾಡ್ಕೊಂಡು ಕೂತಿದಾರೆ! ಇನ್ನೈದು ವರ್ಷ ಬಿಟ್ಟು ಅಗೆಯೋಣ ಅಂದ್ರೆ ಆಗ ನಮ್ಮಲ್ಲಿ ಯಾರು ಮೇಲಿರ್ತೀವೋ ಯಾರು ಕೆಳಗಿರ್ತೀವೋ! ಮೇಮೆ ಏನು ಮಾಡಿದ್ಲು ನಿಮಗೆ?" ತಾಯಿಯನ್ನು ಮೂವರೂ ಕರೆಯುತ್ತಿದ್ದದ್ದು ಮೇಮೆ ಎಂದೇ.

ಉತ್ತರದ ಮನೆಯಿಂದ ಹುಂಜ ಕೂಗಿತು. ಅಷ್ಟೇ ಉತ್ತರ.

ಅಕ್ಕ ಲಾನುಸನ ಕಟ್ಟೆಗೆ ಬಂದು ಕೂತು, ದನಿ ಇಳಿಸಿದಳು. "ತುತ್, ನಿಜ ಹೇಳು. ಬ್ಲಿ ಇಂಥ ಸಣ್ಣ ವಿಷಯಕ್ಕೆ ಎದ್ದು ಹೋಗೋನಲ್ಲ. ಇನ್ನೂ ಇಪ್ಪತ್ತು ಮನೆ ವಾಯಾನ್‌ಗಳು ನಕ್ಕೊಂಡು ಹೋದ್ರಲ್ಲ. ಇವನಿಗೇನಾಯ್ತು?"

"ಯಂತ್ರ ಮಾಡಿದ್ದು ದೆ," ಎಂದ ಲಾನುಸ್, ಮಾದೆಯನ್ನು ಚಿಕ್ಕಂದಿನಂತೆ ಮೊಟಕಾಗಿ ಕರೆದು. ಹನ್ನೆರಡು ದಿನದಲ್ಲಿ ಎಷ್ಟನೆಯ ಸಲವೋ. ಹೇಳಿ ಹೇಳಿ ಆ ಮಾತು ಅವನ ಬಾಯಿಗೇ ಕಹಿಯಾಗಿತ್ತು.

ಹದಿನಾಲ್ಕನೇ ದಿನ ಬೆಳಗ್ಗೆ ಪಾಕ್ ಗೆದೆ ಬಂದು, ನಾಳೆ ಸೂರ್ಯ ಮರದ ತುದಿಗೆ ಏರುವುದರೊಳಗೆ ಮೊದಲ ಏಟು ಬೀಳದಿದ್ದರೆ ರೊಂಜಿಯ ಹೆಸರನ್ನು ಈ ಸಲದ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದು ಹೇಳಿಹೋದ. ಒಳ್ಳೆಯ ಮನುಷ್ಯ, ಹೇಳುವಾಗ ಅವನಿಗೇ ಕಷ್ಟವಾಯಿತು. ಲಾನುಸ್ ಪುಸ್ತಕ, ಪೆನ್ಸಿಲ್ ತೆಗೆದುಕೊಂಡು ಸಂಪಿಗೆ ಮರ ದಾಟಿದ.

ರುಂಡುಂಗ್ ಹುಂಜದ ಕಾಲು ನೀವುತ್ತಿದ್ದ. ತಲೆ ಎತ್ತಲಿಲ್ಲ.

"ಮಗನೇ, ಯಾರೋ ಬಂದಿದಾರೆ ನೋಡು. ಕಛೇರಿಯವರು."

"ಬ್ಲಿ, ಹುಟ್ಟಿದ ವರ್ಷ ಬೇಕು. ಎಲ್ಲಾ ಮನೇದೂ ಬರ್ಕೊಂಡೆ. ನಮ್ಮನೇದು ಒಂದೇ ಬಾಕಿ."

"ಹೇಳು ಮಗನೇ ಅವರಿಗೆ. ತಮ್ಮ ಹುಟ್ಟೋಕೆ ಹನ್ನೆರಡು ವರ್ಷ ಮುಂಚೆ ಅಂತ. ಯಂತ್ರಕ್ಕೆ ಕಳೆಯೋದು ಬರುತ್ತಲ್ಲ, ಕಳ್ಕೊಳ್ಲಿ."

ಲಾನುಸ್ ಬರೆದುಕೊಂಡ. ಬರೆದ ಮೇಲೂ ಹೋಗಲಿಲ್ಲ. ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಹುಂಜ ಕತ್ತು ತಿರುಗಿಸಿ ಅವನನ್ನು ನೋಡಿತು.

"ನಾನು ನೋಡಿದ್ದೆ, ಬ್ಲಿ."

ನೀವುತ್ತಿದ್ದ ಕೈ ನಿಂತಿತು. ಹದಿನಾಲ್ಕು ದಿನದಲ್ಲಿ ಮೊದಲ ಸಲ ರುಂಡುಂಗ್ ಕೋಳಿಯನ್ನು ಬಿಟ್ಟು ಮನುಷ್ಯನ ಜೊತೆ ಮಾತಾಡಿದ.

"ಯಾವಾಗ?"

"ಅವತ್ತೇ. ಮೂರು ಗಂಟೆಗೆ."

"ಸಭೆ ಎಷ್ಟಕ್ಕೆ?"

"ಐದಕ್ಕೆ."

"ಸರಿ ಮಾಡೋಕೆ ಎಷ್ಟು ಹೊತ್ತು?"

"ಹತ್ತು ನಿಮಿಷ."

"ಮತ್ತೆ?"

ಅರವತ್ತರ ಅಂಚಿನ ಗಂಡಸು, ಮೊಮ್ಮಕ್ಕಳಿರುವವನು, ಇಂಥ ಮಾತನ್ನು ಬಾಯಿ ಬಿಟ್ಟು ಹೇಳುವುದು ಸುಲಭವಲ್ಲ. "ಚೆನ್ನಾಗಿ ಕಾಣಿಸ್ತು," ಎಂದ. "ನನ್ನ ಹೆಸರು ಮೇಲಿತ್ತು. ಯಂತ್ರ ತಪ್ಪು ಮಾಡ್ತು, ಅದು ನಿಜ. ಆದ್ರೆ ನಾನು ನೋಡಿ ಬಿಟ್ಟೆ. ಓದುವಾಗ್ಲೂ ಬದಲಾಯಿಸ್ಬಹುದಿತ್ತು. ಬದಲಾಯಿಸ್ಲಿಲ್ಲ. ಯಂತ್ರದ್ದಲ್ಲ ಬ್ಲಿ, ನಂದು."

ಸುಕ್ರಿಯ ಅಡಿಗೆಮನೆಯಲ್ಲಿ ಮಸಾಲೆ ಅರೆಯುವ ಸದ್ದು ಕೇಳುತ್ತಿತ್ತು. ರುಂಡುಂಗ್ ಹುಂಜವನ್ನು ಬುಟ್ಟಿಯೊಳಗೆ ಬಿಟ್ಟು ಮುಚ್ಚಿದ.

"ಗೊತ್ತಿತ್ತು," ಎಂದ. "ಮೇಮೆ ಇಟ್ಟಿದ್ದ ತಾಳೆಬೆಲ್ಲ ಕದ್ದು ತಿಂದಾಗ ಇದೇ ಮುಖ ಇಟ್ಕೊಂಡಿರ್ತಿದ್ದೆ. ಐವತ್ತು ವರ್ಷ ಆಯ್ತು, ಮುಖ ಬದಲಾಯಿಸೋಕೆ ಬಂದಿಲ್ಲ ನಿಂಗೆ. ನಿನ್ನ ಹೆಸರು ಮೊದಲು ಬಂದ್ರೆ ನಂದೇನು ಉದುರಿ ಬೀಳುತ್ತೆ? ಇಡೀ ಕೇರಿ ಎದುರು, ಮೇಮೆ ಹೆಸರು ಓದಿದ ಬಾಯಲ್ಲೇ, ನನ್ನ ಮುಖ ನೋಡ್ಕೊಂಡು ಗೊತ್ತೇ ಆಗ್ಲಿಲ್ಲ ಅಂದೆಯಲ್ಲ. ಅದಕ್ಕೆ ಎದ್ದು ಬಂದೆ. ಸುಳ್ಳು ಹೇಳ್ಲಿ ಅಂತ ಓದಿಸಿದ್ನಾ ನಾನು?"

"ನಾಳೆ ಬಾ ಬ್ಲಿ," ಎಂದ ಲಾನುಸ್. "ಮೇಮೆಗೋಸ್ಕರ."

"ಹೋಗು," ಎಂದ ರುಂಡುಂಗ್. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ.

ಮಾರನೇ ಬೆಳಗ್ಗೆ ಸ್ಮಶಾನದ ದೊಡ್ಡ ಮರದ ಕೆಳಗೆ ಇಡೀ ಕೇರಿ ಸೇರಿತ್ತು. ಪುರೋಹಿತರು ಗಂಟೆ ಅಲ್ಲಾಡಿಸುತ್ತ ತೀರ್ಥ ಚಿಮುಕಿಸಿದರು. ಒಂದೊಂದೇ ಮನೆಯವರು ಗುದ್ದಲಿ ಎತ್ತಿದರು, ಒಂದೊಂದೇ ಗುಂಡಿ ತೆರೆಯಿತು. ಅಳುವವರು ಕಡಿಮೆ. ನಮ್ಮಲ್ಲಿ ಇದು ಅಳುವ ದಿನವಲ್ಲ, ಕಾದವರನ್ನು ಕರೆದುಕೊಂಡು ಹೋಗುವ ದಿನ. ಹುಡುಗರು ಐಸ್ ಮಾರುವವನ ಸುತ್ತ ನಿಂತಿದ್ದರು, ಹೆಂಗಸರು ತಮ್ಮ ತಮ್ಮವರ ಎಲುಬುಗಳನ್ನು ಹೂವಿನ ನೀರಿನಲ್ಲಿ ತೊಳೆಯುತ್ತ ಅದೂ ಇದೂ ಮಾತಾಡುತ್ತಿದ್ದರು. ರೊಂಜಿಯ ಗುಂಡಿಯ ಮೇಲೆ ಹುಲ್ಲು ಹಾಗೇ ಇತ್ತು. ಅದರ ಪಕ್ಕದಲ್ಲಿ ಮಾದೆ ಮಂಡಿ ಕಟ್ಟಿ ಕೂತಿದ್ದಳು. ಪಾಕ್ ಗೆದೆ ಬಿಳಿ ಬಟ್ಟೆ ಹಿಡಿದು ಸ್ವಲ್ಪ ದೂರದಲ್ಲಿ ನಿಂತು, ಸೂರ್ಯನನ್ನು ನೋಡದಂತೆ ನಟಿಸುತ್ತ ನೋಡುತ್ತಿದ್ದ. ಲಾನುಸನ ಕೈಯಲ್ಲಿ ಗುದ್ದಲಿ ಇತ್ತು. ಎತ್ತುವ ಹಾಗಿರಲಿಲ್ಲ.

ಸೂರ್ಯ ಮರದ ತುದಿ ಮುಟ್ಟಲು ಇನ್ನೊಂದು ಮೊಳ ಬಾಕಿ ಎನ್ನುವಾಗ ರುಂಡುಂಗ್ ಬಂದ. ಹೆಗಲ ಮೇಲೆ ತನ್ನದೇ ಸವೆದ ಗುದ್ದಲಿ. ಯಾರನ್ನೂ ಮಾತಾಡಿಸದೆ ಪಾಕ್ ಗೆದೆಯ ಕೈಯಿಂದ ಬಟ್ಟೆ ಈಸಿಕೊಂಡು ಮಾದೆಯ ತೊಡೆಯ ಮೇಲೆ ಹಾಕಿದ. ಗುದ್ದಲಿ ಎತ್ತಿ ಒಂದು ಏಟು ಹಾಕಿದ. ಹುಲ್ಲಿನ ಹೆಂಟೆ ಕಿತ್ತು ಬಂತು. ಅಷ್ಟಕ್ಕೇ ಬೆನ್ನು ಹಿಡಿದುಕೊಂಡು ಅಂಚಿನಲ್ಲಿ ಕೂತ.

"ಇನ್ನು ನೀನು. ಕಛೇರೀಲಿ ಕೂತು ಬೆಳೆಸಿದ ಹೊಟ್ಟೆ ಸ್ವಲ್ಪ ಕರಗ್ಲಿ."

ಲಾನುಸ್ ಅಗೆದ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಅದರಲ್ಲಿ ಬೆವರು ಎಷ್ಟು ಎಂದು ಯಾರೂ ಕೇಳಲಿಲ್ಲ. ಸೊಂಟದಾಳಕ್ಕೆ ಹೋದಾಗ ಅಣ್ಣ, "ಸಾಕು, ಕೈಯಲ್ಲಿ ತೆಗಿ," ಎಂದ. ಲಾನುಸ್ ಮಂಡಿಯೂರಿ ಬೆರಳುಗಳಿಂದ ಮಣ್ಣು ಸರಿಸಿದ. ತಾಯಿಯ ಎಲುಬುಗಳು ಅವನು ಅಂದುಕೊಂಡದ್ದಕ್ಕಿಂತ ಸಣ್ಣವಿದ್ದವು.

ಎತ್ತುವ ಮುಂಚೆ ಕರೆಯಬೇಕು. ಇದ್ದಕ್ಕಿದ್ದ ಹಾಗೆ ಎತ್ತಿದರೆ ಮಲಗಿದವರು ಬೆದರುತ್ತಾರೆ ಎಂದು, ಮಕ್ಕಳು ಒಬ್ಬೊಬ್ಬರಾಗಿ ಹೆಸರು ಹೇಳಿ ಎಬ್ಬಿಸುತ್ತಾರೆ. ಲಾನುಸ್ ಗುಂಡಿಯೊಳಗಿಂದ ಅಣ್ಣನ ಕಡೆ ನೋಡಿದ.

"ಕರಿ," ಎಂದ ರುಂಡುಂಗ್.

"ಮೊದಲು ನೀನು, ಬ್ಲಿ."

"ಗುದ್ದಲಿಗೆ ಹಿರಿತನ ಇದೆ, ಅದು ಮುಗೀತು. ಕೂಗೋಕೆ ಯಾವ ಶಾಸ್ತ್ರಾನೂ ಇಲ್ಲ."

"ಆದ್ರೂ..."

"ಏನು ಆದ್ರೂ? ಮೇಮೆ ನಮ್ಮನ್ನ ಊಟಕ್ಕೆ ಹೆಂಗೆ ಕೂಗ್ತಿದ್ಲು? ದೆ, ನೀನೇ ಹೇಳು ಇವನಿಗೆ."

ಮಾದೆ ತೊಡೆಯ ಮೇಲಿನ ಬಿಳಿ ಬಟ್ಟೆಯನ್ನು ನೇವರಿಸಿದಳು. "ತುತ್, ದೆ, ಯಾನ್," ಎಂದಳು. ಥೇಟು ತಾಯಿಯ ರಾಗ. "ದಿನಾ ಹಂಗೇ. ತುತ್, ದೆ, ಯಾನ್."

"ಕೇಳಿಸ್ತಾ? ನಿನ್ನ ಯಂತ್ರ ಕೊಟ್ಟಿದ್ದೂ ಅದೇ ಸಾಲು," ಎಂದ ರುಂಡುಂಗ್. "ನಾನು ನೇಗಿಲು ಬಿಟ್ಟು ಹಸ್ಕೊಂಡು ಬಂದು ಕೂತಿರ್ತಿದ್ದೆ. ಮೊದಲ ತುತ್ತು ನಿಂಗೆ, ಕಡೇದು ನಂಗೆ. ಒಂದು ದಿನ ಆದ್ರೂ ನಾನು ತಟ್ಟೆ ಬಿಟ್ಟು ಎದ್ದು ಹೋಗಿದ್ನೇನೋ, ತುತ್?"

ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಹೆಂಗಸು, ಗದ್ದೆಯಾಚೆಗೂ ಕೇಳುವ ಆ ದನಿ. ಲಾನುಸ್ ಸಾವಿರಾರು ಸಲ ಕೇಳಿದ್ದ. ಇಷ್ಟು ವರ್ಷ ಅದನ್ನು ಅವನು ಯಾವ ಲೆಕ್ಕಕ್ಕೂ ಸೇರಿಸಿರಲಿಲ್ಲ.

ಅವನು ಮಣ್ಣಿನ ಕಡೆ ಬಗ್ಗಿದ.

"ಮೇಮೆ," ಎಂದ. "ಏಳು ಮೇಮೆ. ತುತ್ ಬಂದಿದೀನಿ."

ಆಮೇಲೆ ಮಾದೆ ಕರೆದಳು. ಕಡೆಗೆ ವಾಯಾನ್ ಕರೆದ.